ಅನ್ಯಗ್ರಹದಿಂದ ಬಂದ ಲಗ್ನಪತ್ರಿಕೆ

ಎಡವಟ್ಟುಗಳು ನಮ್ಮ ಅಂಗಡಿಯ ವಿಳಾಸ ಕೇಳಿಕೊಂಡು ಬರುವುದಿಲ್ಲ, ಅವಕ್ಕೆ ದಾರಿ ಗೊತ್ತು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಕನ್ನಡ ಟೈಪ್ ಮಾಡುವವಳು ನಾನು. ವರನ ತಾತನನ್ನೇ ವರನ ಜಾಗದಲ್ಲಿ ಕೂರಿಸಿ, ವಧುವಿನ ಕಡೆಯವರಿಂದ ಬೈಸಿಕೊಂಡಿದ್ದೇನೆ. ಆದರೆ ಈಗ ಹೇಳಹೊರಟಿರುವುದು ಮದುವೆಯ ವಿಷಯವಲ್ಲ. ಟೀವಿಯಲ್ಲಿ ಭಾನುವಾರ ಸಂಜೆ ಬರುತ್ತಿದ್ದ ಒಂದು ಆಕಾಶಯಾನದ ಧಾರಾವಾಹಿಯದು. ಅದರಲ್ಲಿ ಅರ್ಧ ಪುರಾಣ, ಕಾಲು ಭಾಗ ವಿಜ್ಞಾನ, ಉಳಿದ ಕಾಲು ಭಾಗ ಲಗ್ನಪತ್ರಿಕೆ. ಆ ಕೊನೆಯ ಕಾಲು ಭಾಗ ನನ್ನದು. ಅದಕ್ಕಾಗಿ ನನ್ನ ಹೆಸರು ಟೀವಿಯಲ್ಲಿ ಬರಲೇಬೇಕೆಂದು ನಾನು ಹಿಡಿದ ಪಟ್ಟು, ಆ ಪಟ್ಟು ನನ್ನನ್ನೇ ಹಿಡಿದುಕೊಂಡ ರೀತಿ, ಎರಡನ್ನೂ ಹೇಳುತ್ತೇನೆ.

೧. ಆಷಾಢದ ಗಿರಾಕಿ

ಆಷಾಢ ಬಂದರೆ ನಮ್ಮ ಬೀದಿಯಲ್ಲಿ ನೊಣ ಹೊಡೆಯುವುದಕ್ಕೂ ಪೈಪೋಟಿ. ಯಾರೂ ಮದುವೆ ಮಾಡುವುದಿಲ್ಲ, ಯಾರೂ ಕಾರ್ಡು ಹಾಕಿಸುವುದಿಲ್ಲ. ಅಂಥ ಒಂದು ಮಧ್ಯಾಹ್ನ ತ್ಯಾಗರಾಜನಗರದ ಮೇಷ್ಟ್ರು ಬಂದರು. ಕನ್ನಡ ಪಾಠ ಹೇಳಿ ನಿವೃತ್ತರಾದವರು. ತಪ್ಪು ಅಚ್ಚಾದ ಕಾರ್ಡುಗಳನ್ನು ನಮ್ಮಿಂದ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಖಾಲಿ ಬೆನ್ನಿನ ಮೇಲೆ ಬರೆಯುವುದು ಅವರ ಅಭ್ಯಾಸ. ಹಾಗಾಗಿ ಮೇಷ್ಟ್ರ ಯಾವ ಬರಹವನ್ನು ತಿರುಗಿಸಿದರೂ ಹಿಂದೆ ಯಾರದೋ ಮದುವೆ ಇರುತ್ತಿತ್ತು.

ಆವತ್ತು ಒಂದು ಕಟ್ಟು ಕಾರ್ಡು ನನ್ನ ಮುಂದಿಟ್ಟರು. “ಇದನ್ನ ಟೈಪ್ ಮಾಡ್ಕೊಡಮ್ಮ. ಟೀವಿ ಸೀರಿಯಲ್ಲು. ಸೈನ್ಸ್ ಫಿಕ್ಷನ್ನು.”

“ಹಾಗಂದ್ರೇನು ಮೇಷ್ಟ್ರೇ?”

“ಪುರಾಣಕ್ಕೆ ಕರೆಂಟ್ ಕೊಟ್ರೆ ಅದೇ ಕಣಮ್ಮ.”

ಟೈಪ್ ಮಾಡುವವರಿಗೆ ಬೆಂಗಳೂರಲ್ಲಿ ಬರವಿಲ್ಲ. ಆದರೆ ಮೇಷ್ಟ್ರ ಕೈಬರಹದಲ್ಲಿ ‘ಮ’ ಯಾವುದು ‘ವ’ ಯಾವುದು ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬರು ಅವರ ಹೆಂಡತಿ, ಇನ್ನೊಬ್ಬಳು ನಾನು. ಅವರ ಹೆಂಡತಿ ಓದುವುದಿಲ್ಲವೆಂದು ಶಪಥ ಮಾಡಿದ್ದರು.

ನಮ್ಮ ಅಂಗಡಿಯಲ್ಲಿ ಕೆಲವು ಪದ್ಧತಿಗಳಿವೆ. ಬದುಕಿರುವವರಿಗೆ ‘ಶ್ರೀ’, ಹೋದವರಿಗೆ ‘ದಿವಂಗತ’. ಅದಲುಬದಲಾದರೆ ಬದುಕಿರುವವರು ಬಂದು ಜಗಳ ಆಡುತ್ತಾರೆ, ಹೋದವರು ಪಾಪ ಸುಮ್ಮನಿರುತ್ತಾರೆ. ಹುಡುಗಿಗೆ ‘ಚಿ. ಸೌ.’ ಎಂದು ಹಾಕಬೇಕು. ಗಿರಾಕಿ ಯಾರದಾದರೂ ಹೆಸರು ಆಮೇಲೆ ಹೇಳುತ್ತೇನೆಂದರೆ ಆ ಜಾಗ ಖಾಲಿ ಬಿಡಬಾರದು, ಬಿಟ್ಟರೆ ಮರೆತುಹೋಗುತ್ತದೆ. ಅಲ್ಲಿ ‘ಹೆಸರು ಬರಬೇಕು’ ಎಂದು ಟೈಪ್ ಮಾಡಿಡಬೇಕು. ಊಟದ ಸಮಯ ತಪ್ಪಬಾರದು. ಮುಹೂರ್ತ ತಪ್ಪಿದರೂ ನಡೆಯುತ್ತದೆ.

ಇಷ್ಟು ವಿದ್ಯೆ ಇಟ್ಟುಕೊಂಡು ನಾನು ಆಕಾಶಕ್ಕೆ ಹಾರಿದೆ. ನಮ್ಮ ಅಂಗಡಿಯ ಯಜಮಾನರು ಕಟ್ಟಿನ ಮೇಲಿನ ಕಾರ್ಡು ಎತ್ತಿ, ಎರಡೂ ಕಡೆ ತಿರುಗಿಸಿ ನೋಡಿ ಕೇಳಿದರು: “ರಾಕೆಟ್ಟು ಸರಿ. ಗಂಡಿನ ಕಡೇದೋ, ಹೆಣ್ಣಿನ ಕಡೇದೋ?”

೨. ಸಕುಟುಂಬ ಸಪರಿವಾರ ಸಮೇತ

ಹೊಸ ಫೈಲ್ ತೆರೆಯುವ ಅಭ್ಯಾಸ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಹಳೆಯ ಮದುವೆಯನ್ನು ತೆರೆಯುತ್ತೇವೆ, ಹಳೆಯ ಗಂಡುಹೆಣ್ಣನ್ನು ಅಳಿಸುತ್ತೇವೆ, ಹೊಸಬರನ್ನು ಕೂರಿಸುತ್ತೇವೆ. ಧಾರಾವಾಹಿಯನ್ನೂ ಹಾಗೇ ಮಾಡಿದೆ.

ಎರಡನೇ ಕಂತಿನಲ್ಲಿ ಅನ್ಯಗ್ರಹದ ದೊರೆ ಭೂಮಿಗೆ ಸಂದೇಶ ಕಳಿಸುತ್ತಾನೆ. ಆ ಪಾತ್ರ ಮಾಡಿದವರು ಹಳೆಯ ನಾಟಕದವರು, ಇಡೀ ಆಯಸ್ಸು ರಾಕ್ಷಸರನ್ನೇ ಮಾಡಿದವರು. ಕಾಗದದಲ್ಲಿ ಏನಿದೆಯೋ ಅದರಲ್ಲಿ ಒಂದಕ್ಷರ ಬಿಡುವವರಲ್ಲ. ಕ್ಯಾಮೆರಾ ಮುಂದೆ ಎದೆ ಸೆಟೆದು ಗುಡುಗಿದರಂತೆ:

“ಭೂಮಿಯ ಹುಳುಗಳೇ! ಹುಣ್ಣಿಮೆಯೊಳಗೆ ಶರಣಾಗದಿದ್ದರೆ ನಿಮ್ಮ ನಗರಗಳನ್ನು ಸುಟ್ಟು ಬೂದಿ ಮಾಡುತ್ತೇವೆ! ಪ್ರತಿಯೊಬ್ಬರನ್ನೂ ಖುದ್ದಾಗಿ ಬಂದು ಕರೆಯಲು ಸಾಧ್ಯವಾಗದ್ದರಿಂದ ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ! ಉಡುಗೊರೆಗಳನ್ನು ತರಬಾರದು!”

ನಿರ್ದೇಶಕರು ಫೋನ್ ಮಾಡಿದರು. ಇಂಜಿನಿಯರಿಂಗ್ ಓದಿ ಸೀರಿಯಲ್ಲಿಗೆ ಬಂದವರು, ನನಗಿಂತ ಎರಡು ಮೂರು ವರ್ಷ ಚಿಕ್ಕವರು.

“ಅಕ್ಕಾ, ಪ್ರಳಯಕ್ಕೆ ಯಾರಾದ್ರೂ ಉಡುಗೊರೆ ತರ್ತಾರಾ?”

ತಪ್ಪು ನನ್ನದೆಂದು ತಕ್ಷಣ ಗೊತ್ತಾಯಿತು. ಹಳೆಯ ಮದುವೆಯ ಕೊನೆಯ ಮೂರು ಸಾಲು ಅಳಿಸಿರಲಿಲ್ಲ. ಆದರೆ ತಪ್ಪು ಒಪ್ಪಿಕೊಂಡರೆ ನಮ್ಮ ಬೀದಿಯಲ್ಲಿ ಬದುಕುವುದಕ್ಕಾಗುವುದಿಲ್ಲ.

“ತರಬಾರದು ಅಂತಾನೇ ಹಾಕಿದೀನಲ್ಲ ಸಾರ್.”

ಮೇಷ್ಟ್ರು ನನ್ನ ಪರ ನಿಂತರು. “ಇದು ಸರಿಯಾಗೇ ಇದೆ ಕಣಯ್ಯ. ನಮ್ಮ ಪುರಾಣದಲ್ಲಿ ಯಾವ ಯುದ್ಧ ಹೇಳದೆ ಕೇಳದೆ ಶುರುವಾಗಿದೆ? ಮೊದಲು ದೂತ ಬರ್ತಾನೆ, ಕೂತ್ಕೋತಾನೆ, ಮರ್ಯಾದೆಯಿಂದ ಮಾತಾಡ್ತಾನೆ. ಆಮೇಲೆ ತಲೆ ತೆಗೆಯೋದು.” ದೃಶ್ಯವನ್ನು ಹಾಗೇ ಬಿಟ್ಟರು.

ಆ ಕಂತು ಬಂದ ಭಾನುವಾರ ನಮ್ಮ ಅತ್ತೆ ಟೀವಿ ಮುಂದೆ ಕಣ್ಣು ಒರೆಸಿಕೊಂಡರು. “ಎಂಥ ಮರ್ಯಾದಸ್ಥ ರಾಕ್ಷಸ ನೋಡೇ! ನಿನ್ನ ತಮ್ಮನ ಮದುವೇಲಿ ನಿಮ್ಮ ಕಡೆಯವರು ನಮ್ಮನ್ನ ಇಷ್ಟು ಚೆನ್ನಾಗಿ ಕರೆದಿರ್ಲಿಲ್ಲ.”

೩. ಹೆಣ್ಣು ಎಲ್ಲಿ?

ಒಂದು ಹಳೆಯ ಕಥೆಯಿದೆ. ಒಬ್ಬ ರಾಜ ಮಗಳಿಗೆ ತಕ್ಕ ಗಂಡು ಯಾರೆಂದು ಕೇಳಲು ಬ್ರಹ್ಮನ ಹತ್ತಿರ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿರುತ್ತದೆ. ಒಂದು ಹಾಡು ಮುಗಿಯಲೆಂದು ಕಾಯುತ್ತಾನೆ. ಹಾಡು ಮುಗಿಯುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದು, ಅವನು ಪಟ್ಟಿ ಮಾಡಿಕೊಂಡು ಹೋಗಿದ್ದ ಗಂಡುಗಳೆಲ್ಲ ಸತ್ತು ಮಣ್ಣಾಗಿರುತ್ತಾರೆ. ಚಾಮರಾಜಪೇಟೆಯ ರಾಮೋತ್ಸವದ ಪೆಂಡಾಲಿನಲ್ಲಿ ಹರಿಕಥೆ ದಾಸರು ಹೇಳಿದ್ದನ್ನು ಚಿಕ್ಕಂದಿನಲ್ಲಿ ಕೇಳಿದ್ದೆ. ಕೋಸಂಬರಿಗೆ ಹೋದವಳು ಕಥೆಯನ್ನೂ ತಂದಿದ್ದೆ.

ಮೇಷ್ಟ್ರು ಇದನ್ನೇ ಬಾಹ್ಯಾಕಾಶ ನೌಕೆಗೆ ಹತ್ತಿಸಿದ್ದರು. ತಂದೆ ದೂರದ ನಕ್ಷತ್ರಕ್ಕೆ ಹೋಗಿ ಒಂದು ದಿನ ಇದ್ದು ಬರುತ್ತಾನೆ, ಇಲ್ಲಿ ಮುನ್ನೂರು ವರ್ಷ ಆಗಿರುತ್ತದೆ. ನಿರ್ದೇಶಕರು ಕಣ್ಣರಳಿಸಿ “ಇದು ದೊಡ್ಡ ವಿಜ್ಞಾನ, ವೇಗ ಹೆಚ್ಚಾದಷ್ಟೂ ಕಾಲ ನಿಧಾನ” ಎಂದರು. ಮೇಷ್ಟ್ರು “ಇದು ದೊಡ್ಡ ಪುರಾಣ” ಎಂದರು. ಇಬ್ಬರೂ ನನ್ನ ಮೇಜಿನ ಆಚೆ ಈಚೆ ನಿಂತು ಅರ್ಧ ಗಂಟೆ ವಾದ ಮಾಡಿದರು. ನಾನು ಟೈಪ್ ಮಾಡುತ್ತಾ ಕೊನೆಯ ದೃಶ್ಯಕ್ಕೆ ಬಂದೆ. ಮೇಷ್ಟ್ರ ಬರಹದ ಮೇಲೆ ನಿರ್ದೇಶಕರು ಕೆಂಪು ಪೆನ್ನಿನಲ್ಲಿ ತಿದ್ದಿದ್ದರು: ತಂದೆ ಮರಳಿ ಬರುತ್ತಾನೆ, ಬಾಗಿಲಲ್ಲಿ ಕಾಯುತ್ತಿದ್ದ ಮಗಳನ್ನು ತಬ್ಬಿಕೊಳ್ಳುತ್ತಾನೆ, ಧಾರೆ ಎರೆಯುತ್ತಾನೆ.

ನನ್ನ ಕೈ ನಿಂತಿತು.

“ಸಾರ್, ಈ ಹೆಣ್ಣು ಎಲ್ಲಿಂದ ಬಂದ್ಲು?”

“ಯಾವ ಹೆಣ್ಣಕ್ಕಾ?”

“ಮದುವೆ ಹೆಣ್ಣು. ಮುನ್ನೂರು ವರ್ಷ ಆಯ್ತಲ್ಲ. ಗಂಡು ಸತ್ತ, ಪುರೋಹಿತರು ಸತ್ರು, ಅಡುಗೆಯವರು ಸತ್ರು, ಕಾರ್ಡು ಹಾಕಿದ ನಾನೂ ಸತ್ತೆ. ಇವಳೊಬ್ಬಳು ಮೊಗ್ಗಿನ ಜಡೆ ಹಾಕ್ಕೊಂಡು ಬಾಗಿಲಲ್ಲಿ ಹೇಗೆ ನಿಂತಿದಾಳೆ?”

ನಿರ್ದೇಶಕರು ಕಾಗದ ನೋಡಿದರು, ಮೇಷ್ಟ್ರನ್ನು ನೋಡಿದರು, ಫ್ಯಾನು ನೋಡಿದರು.

“ಹರಿಕಥೇಲಿ ರಾಜ ಮಗಳನ್ನ ಜೊತೇಲೇ ಕರ್ಕೊಂಡು ಹೋಗ್ತಾನೆ ಸಾರ್. ಅದಕ್ಕೇ ಅವಳೂ ಬದುಕಿರ್ತಾಳೆ. ಅಲ್ಲದೆ, ಹೆಣ್ಣು ತೋರಿಸದೆ ಯಾರಾದ್ರೂ ಗಂಡು ಕೇಳ್ತಾರಾ?”

ಮೇಷ್ಟ್ರು ನಶ್ಯ ಏರಿಸುತ್ತಾ ಹೇಳಿದರು, “ನಾನು ಹಾಗೇ ಬರ್ದಿದ್ದೆ. ತಿದ್ದಿದ್ದು ಇಂಜಿನಿಯರ್ರು.”

ನಿರ್ದೇಶಕರು ಒಳ್ಳೆಯವರು, ಒಪ್ಪಿಕೊಂಡರು. ಮುಂದಿನ ಕಂತುಗಳನ್ನೂ ಹೀಗೇ ಗಮನಿಸಿ ಹೇಳಬೇಕೆಂದರು. “ಕೊನೇ ಕಂತಲ್ಲಿ ಎಲ್ಲರ ಹೆಸರೂ ಬರುತ್ತೆ. ನಿಮ್ಮದೂ ಹಾಕಿಸ್ತೀನಿ, ‘ಪುರಾಣ ಸಲಹೆ’ ಅಂತ. ಇದು ಪ್ರಾಮಿಸ್ಸು” ಎಂದರು. ಹೋಗುವಾಗ ಕೇಳಿದರು, “ಇಷ್ಟು ಓದಿದ ನನಗೇ ಹೊಳೀಲಿಲ್ಲ. ನೀವೆಷ್ಟು ಓದಿದೀರಕ್ಕ?”

“ಹತ್ತನೇ ಕ್ಲಾಸು ಸಾರ್. ಆದ್ರೆ ಮದುವೆಗೆ ಹೆಣ್ಣು ಬೇಕು ಅನ್ನೋದು ಒಂಬತ್ತರಲ್ಲೇ ಬರುತ್ತೆ.”

೪. ಡೈರಿ

ಈ ಪ್ರಾಮಿಸ್ಸನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ನನ್ನ ಮಗಳು ಎರಡನೇ ಕ್ಲಾಸು. ಅವಳ ಕಿವಿಗೆ ಬಿದ್ದದ್ದು ಹನುಮಂತನಗರದ ಅಷ್ಟೂ ಮನೆಗೆ ಬಿದ್ದ ಹಾಗೆ. ಮರುದಿನವೇ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದಳಂತೆ, ರಾಕೆಟ್ ಸೀರಿಯಲ್ಲು ನಮ್ಮಮ್ಮಂದು, ಟೀವಿಯಲ್ಲಿ ನಮ್ಮಮ್ಮನ ಹೆಸರು ಬರುತ್ತೆ ಎಂದು. ಮಕ್ಕಳು ನಕ್ಕರು. ಒಬ್ಬಳು, “ನಿಮ್ಮಮ್ಮ ಕಾರ್ಡ್ ಅಂಗಡೀಲಿ ಇರೋದು, ಸುಳ್ಳಿ” ಅಂದಳು. ಇವಳು ಅವಳ ಜುಟ್ಟು ಹಿಡಿದಳು.

ಸಂಜೆ ಡೈರಿಯಲ್ಲಿ ಕನ್ನಡ ಮಿಸ್ಸಿನ ದುಂಡು ಅಕ್ಷರ: “ನಿಮ್ಮ ಮಗಳು ತರಗತಿಯಲ್ಲಿ ಸುಳ್ಳು ಹೇಳುತ್ತಿದ್ದಾಳೆ. ತಾಯಿಯ ಹೆಸರು ಟೀವಿಯಲ್ಲಿ ಬರುತ್ತದಂತೆ. ತಿದ್ದಿ.”

ಜುಟ್ಟು ಹಿಡಿದದ್ದಕ್ಕೆ ಬರೆದಿದ್ದರೆ ನಾನೇ ಎರಡು ಬಾರಿಸುತ್ತಿದ್ದೆ. ಜುಟ್ಟಿನ ಸುದ್ದಿಯೇ ಇಲ್ಲ, ಬರೀ ಸುಳ್ಳಿನ ಸುದ್ದಿ. ಮಗಳು ಊಟದ ತಟ್ಟೆ ಮುಂದೆ ಕೂತು ಕೇಳಿದಳು, “ಬರುತ್ತೆ ತಾನೇ ಅಮ್ಮ?” ಅವಳ ಕಣ್ಣಲ್ಲಿ ನೀರಿರಲಿಲ್ಲ, ಬರೀ ಅನುಮಾನ. ನನ್ನ ಮೇಲೆ ಅವಳಿಗೆ ಅನುಮಾನ ಬಂದದ್ದು ಅದೇ ಮೊದಲು. ಆವತ್ತೇ ತೀರ್ಮಾನ ಮಾಡಿದೆ. ಆಕಾಶ ಕೆಳಗೆ ಬಿದ್ದರೂ ಸರಿ, ಅನ್ಯಗ್ರಹದವರು ನಿಜವಾಗಿ ಬಂದರೂ ಸರಿ, ನನ್ನ ಹೆಸರು ಆ ಪರದೆಯ ಮೇಲೆ ಬರಬೇಕು.

ಮಿಸ್ಸಿನ ಸಾಲಿನ ಕೆಳಗೆ ಬರೆದೆ: “ಸುಳ್ಳಲ್ಲ ಮಿಸ್. ಭಾನುವಾರ ನೋಡಿ.”

ಯಾವ ಭಾನುವಾರ ಎಂದು ಬರೆಯಲಿಲ್ಲ. ಅದು ನನಗೂ ಗೊತ್ತಿರಲಿಲ್ಲ.

೫. ಮಧ್ಯದಲ್ಲಿ ಖಾಲಿ ಇದೆ

ಪುರಾಣದ ವಿಮಾನಕ್ಕೆ ಒಂದು ಗುಣವಿದೆಯಂತೆ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿದೇ ಇರುತ್ತದೆ. ಮೇಷ್ಟ್ರು ತಮ್ಮ ನೌಕೆಗೂ ಅದನ್ನೇ ಬರೆದರು. ಭೂಮಿ ಹೊತ್ತಿ ಉರಿಯುತ್ತಿದೆ, ಜನ ಹತ್ತುತ್ತಲೇ ಇದ್ದಾರೆ, ನೌಕೆ ತುಂಬುವುದಿಲ್ಲ.

ನಿರ್ದೇಶಕರು ನಮ್ಮ ಅಂಗಡಿಗೇ ಬಂದು ತಲೆ ಚಚ್ಚಿಕೊಂಡರು. “ಮೇಷ್ಟ್ರೇ, ಸೈನ್ಸ್ ಒಪ್ಪಲ್ಲ. ಇಷ್ಟು ಅಗಲದ ಜಾಗದಲ್ಲಿ ಇಷ್ಟೇ ಜನ ಹಿಡಿಯೋದು.”

ಅಷ್ಟು ಹೊತ್ತಿಗೆ ನಮ್ಮ ಮನೆಯವರು ನನ್ನನ್ನು ಕರೆದುಕೊಂಡು ಹೋಗಲು ಬಂದರು. ಸಿಟಿ ಬಸ್ಸಿನಲ್ಲಿ ಕಂಡಕ್ಟರು. ಖಾಕಿ ಬಟ್ಟೆಯಲ್ಲೇ ಬಾಗಿಲಿಗೆ ಒರಗಿ ವಾದ ಕೇಳಿಸಿಕೊಂಡು, “ಇದ್ರಲ್ಲಿ ಸೈನ್ಸೇನು ಬಂತು ಸಾರ್?” ಎಂದರು. “ಚಾಮರಾಜಪೇಟೆ ಸ್ಟಾಪಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಾನು ದಿನಾ ಮಾಡ್ತೀನಿ. ಬಸ್ಸು ಪೂರ್ತಿ ತುಂಬಿರುತ್ತೆ. ಬಾಗಿಲಲ್ಲಿ ನಿಂತು ಒಂದು ಮಂತ್ರ ಹೇಳ್ತೀನಿ. ಇನ್ನೂ ಹದಿನೈದು ಜನ ಹತ್ತುತಾರೆ.”

“ಏನ್ ಮಂತ್ರ?”

“ಒಳಗ್ ನಡೀರಿ, ಮಧ್ಯದಲ್ಲಿ ಖಾಲಿ ಇದೆ.”

ಮೇಷ್ಟ್ರು ಎದ್ದು ನಿಂತು ಅವರ ಕೈ ಕುಲುಕಿದರು. ನೌಕೆ ನಡೆಸುವ ಯಂತ್ರಮಾನವನ ಬಾಯಿಗೆ ಆ ಸಾಲು ಹಾಗೇ ಹೋಯಿತು. ಆ ಕಂತು ಬಂದ ಮೇಲೆ ಊರೆಲ್ಲ ಅದೇ ಮಾತು. ನಮ್ಮ ಮನೆಯವರು ಮಾತ್ರ ಸೋಮವಾರ ಮುಖ ಊದಿಸಿಕೊಂಡು ಬಂದರು.

“ಏನ್ರೀ, ಏನಾಯ್ತು?”

“ಬಸ್ಸಲ್ಲಿ ಎಂದಿನಂತೆ ಹೇಳಿದೆ ಕಣೇ. ಒಬ್ಬ ಕಾಲೇಜಿನೋನು, ‘ಏನ್ ಗುರು, ಸೀರಿಯಲ್ ನೋಡಿ ಡೈಲಾಗ್ ಕಾಪಿ ಹೊಡೀತೀಯ?’ ಅಂದ. ನನ್ನ ಮಾತು ಕದ್ದು ನನಗೇ ಕಳ್ಳ ಅಂತಾರೆ!”

“ಈಗ ಗೊತ್ತಾಯ್ತಾ,” ಎಂದೆ, “ಹೆಸರು ಹಾಕ್ದಿದ್ರೆ ಏನಾಗುತ್ತೆ ಅಂತ?”

೬. ಹುಡುಗನ ಬಣ್ಣ ಸ್ವಲ್ಪ ಬೇರೆ

ಆಷಾಢದಲ್ಲಿ ನಮ್ಮ ಅಂಗಡಿಯಂತೆ ಕಲ್ಯಾಣ ಮಂಟಪಗಳೂ ಖಾಲಿ. ಧಾರಾವಾಹಿಯವರು ನಮ್ಮ ಮನೆ ಹತ್ತಿರದ ಒಂದು ಮಂಟಪವನ್ನೇ ಹಿಡಿದು ಶೂಟಿಂಗ್ ಮಾಡುತ್ತಿದ್ದರು. ವಧುವರರು ಕೂರುವ ವೇದಿಕೆ ಅನ್ಯಗ್ರಹದ ಆಸ್ಥಾನ. ಊಟದ ಹಾಲ್ ನೌಕೆಯ ಒಳಭಾಗ. ಕೈ ತೊಳೆಯುವ ನಲ್ಲಿಗಳ ಸಾಲಿಗೆ ಬೆಳ್ಳಿ ಕಾಗದ ಸುತ್ತಿ ಇಂಜಿನ್ ಮಾಡಿದ್ದರು.

ಒಂದು ಶನಿವಾರ ಮಗಳ ಕೈ ಹಿಡಿದುಕೊಂಡು ಹೋದೆ. ನಿರ್ದೇಶಕರು ನನ್ನನ್ನು ಕಂಡೊಡನೆ ದೊಡ್ಡ ದೀಪದ ಹಿಂದೆ ಸರಿದರು. ಕಾರ್ಡಿನ ಗಿರಾಕಿಗಳನ್ನು ಹಿಡಿದು ಅಭ್ಯಾಸವಿರುವ ನನಗೆ ಅದೇನು ಕಷ್ಟ?

“ಸಾರ್, ನನ್ನ ಹೆಸರು?”

“ಅದೂ... ಅಕ್ಕ, ಟೈಟಲ್‌ನಲ್ಲಿ ಜಾಗ ಸ್ವಲ್ಪ ಕಮ್ಮಿ ಆಗಿದೆ...”

“ಒಳಗೆ ನಡೆಸಿ ಸಾರ್, ಮಧ್ಯದಲ್ಲಿ ಖಾಲಿ ಇರುತ್ತೆ.”

ಅವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ವಯಸ್ಸಾದ ಗಂಡ ಹೆಂಡತಿ ಕಾಣಿಸಿಕೊಂಡರು. ರೇಷ್ಮೆ ಸೀರೆ, ಜರಿ ಪಂಚೆ, ಕೈಯಲ್ಲಿ ತಾಂಬೂಲದ ಚೀಲ. ಬೇರೆಲ್ಲಿಗೋ ಹೊರಟವರು ಮಂಟಪದ ಮುಂದೆ ದೀಪ, ಕಾರು, ಜನ ನೋಡಿ ಒಳಗೆ ಬಂದುಬಿಟ್ಟಿದ್ದರು. ನಾವು ತಡೆಯುವ ಮೊದಲೇ ನೇರ ವೇದಿಕೆ ಹತ್ತಿದರು. ಅಲ್ಲಿ ಮುಖಕ್ಕೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಅನ್ಯಗ್ರಹದ ಯುವರಾಜ ಕೂತಿದ್ದ, ಪಕ್ಕದಲ್ಲಿ ಸೆರೆಸಿಕ್ಕ ಭೂಮಿಯ ವಿಜ್ಞಾನಿ ಹುಡುಗಿ. ಅಜ್ಜ ಇಬ್ಬರ ತಲೆ ಮುಟ್ಟಿ “ದೀರ್ಘಾಯುಷ್ಮಾನ್ ಭವ” ಎಂದರು. ಅಜ್ಜಿ ಚೀಲದಿಂದ ತೆಂಗಿನಕಾಯಿ ತೆಗೆದು ಯುವರಾಜನ ಕೈಗಿಟ್ಟರು. ಯುವರಾಜ ಏನು ಮಾಡಬೇಕೆಂದು ತಿಳಿಯದೆ ಕಾಲಿಗೆ ಬಿದ್ದ.

ಇಳಿದು ಬಂದ ಅಜ್ಜ ನನ್ನನ್ನು ಮನೆಯವಳೆಂದೇ ಭಾವಿಸಿ, “ಊಟ ಎಷ್ಟು ಹೊತ್ತಿಗಮ್ಮ?” ಎಂದರು. ನಾನು ಊಟದ ಹಾಲಿನ ಕಡೆ ಕೈ ತೋರಿಸಿದೆ. ಅಲ್ಲಿ ನಿಜವಾಗಿಯೂ ಶೂಟಿಂಗಿನವರಿಗೆ ಬಿಸಿಬೇಳೆಬಾತ್ ಬಂದಿತ್ತು.

ಇಬ್ಬರೂ ನೌಕೆಯೊಳಗೆ ಹೋಗುತ್ತಾ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಅಜ್ಜ ಹೇಳಿದರು, “ಆಷಾಢದಲ್ಲಿ ಎಂಥ ಮದುವೆಯೇ ಇದು?”

ಅಜ್ಜಿ ದನಿ ತಗ್ಗಿಸಿ ಹೇಳಿದರು, “ಸುಮ್ನಿರಿ ಅಂದ್ರೆ. ಲವ್ ಮ್ಯಾರೇಜ್ ಇರಬೇಕು. ಹುಡುಗನ ಬಣ್ಣ ನೋಡಿದ್ರೇ ಗೊತ್ತಾಗಲ್ವಾ, ನಮ್ಮ ಪೈಕಿ ಅಲ್ಲ.”

೭. ಬರಲೇಬೇಕು

ಜಾಗ ಕಮ್ಮಿ ಎಂದವರಿಗೆ ಜಾಗ ತೋರಿಸುವುದು ನನಗೆ ಗೊತ್ತು. ಕೊನೆಯ ಕಂತಿನ ಕಟ್ಟು ಮೇಷ್ಟ್ರಿಂದ ನನ್ನ ಕೈಗೆ ಬಂತು. ಟೈಪ್ ಮಾಡಿದೆ, ಮುಗಿಸಿದೆ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ನಿರ್ದೇಶಕರು ಓಡಿ ಬಂದರು.

“ಅಕ್ಕಾ, ನಾಡಿದ್ದು ಶೂಟಿಂಗು!”

“ರೆಡಿ ಇದೆ ಸಾರ್. ಹೆಸರಿನ ಪಟ್ಟಿ ನೋಡಿದ ಮೇಲೆ ಕೊಡ್ತೀನಿ.”

“ಇದು ಬ್ಲ್ಯಾಕ್‌ಮೇಲ್ ಅಕ್ಕ.”

“ಅಲ್ಲ ಸಾರ್, ಪುರಾಣ. ವರ ಕೊಟ್ಟೋರು ಮಾತು ತಪ್ಪಿದ್ರೆ ಶಾಪ ಬರುತ್ತೆ. ಬೇಕಾದ್ರೆ ಮೇಷ್ಟ್ರ ಕಾರ್ಡು ತಗೊಂಡು ಹೋಗಿ, ನೀವೇ ಓದ್ಕೊಳ್ಳಿ.”

ಒಂದು ಕಾರ್ಡು ಕೈಗೆ ತೆಗೆದುಕೊಂಡರು. ನೆಟ್ಟಗೆ ಹಿಡಿದು ನೋಡಿದರು, ಓರೆಯಾಗಿ ಹಿಡಿದು ನೋಡಿದರು, ತಿರುಗಿಸಿ ಹಿಂದಿನ ಮದುವೆಯನ್ನು ಸರಾಗವಾಗಿ ಓದಿದರು. ಆಮೇಲೆ ಕೈ ಮುಗಿದು, “ಹೆಸರಿನ ಪಟ್ಟಿ ನೀವೇ ಟೈಪ್ ಮಾಡಿ. ‘ಪುರಾಣ ಸಲಹೆ’ ಅಂತ ಹಾಕಿ ನಿಮ್ಮ ಹೆಸರು ನೀವೇ ಕೂರಿಸಿ. ಒಂದಕ್ಷರ ಮುಟ್ಟಲ್ಲ. ಸರಿನಾ?” ಎಂದರು.

ಅಂದು ಸಂಜೆ ಮನೆಯಲ್ಲಿ ಇನ್ನೊಂದು ಯುದ್ಧ. ಹೆಸರು ಯಾವ ರೀತಿ ಹಾಕಬೇಕು? ಅತ್ತೆ, “ಮದುವೆ ಆದ್ಮೇಲೆ ಗಂಡನ ಹೆಸರು ಮುಂದೆ ಬರಬೇಕು” ಎಂದರು. ಫೋನಿನಲ್ಲಿ ನಮ್ಮಮ್ಮ, “ಹರಿಕಥೆಗೆ ಕರ್ಕೊಂಡು ಹೋಗಿದ್ದು ನಿಮ್ಮಪ್ಪ, ಅವರ ಇನಿಷಿಯಲ್ ಇರಲಿ” ಎಂದರು. ನಮ್ಮ ಮನೆಯವರು, “ಖಾಲಿ ಇದೆ ಡೈಲಾಗು ನಂದಲ್ವಾ, ನನ್ನ ಹೆಸರೂ ಒಂದು ಮೂಲೇಲಿ ಹಾಕು” ಎಂದರು. ಇಪ್ಪತ್ತಮೂರು ಚಿಕ್ಕಪ್ಪಂದಿರ ಹೆಸರನ್ನು ಜಗಳವಿಲ್ಲದೆ ಜೋಡಿಸಿದ್ದೇನೆ, ನನ್ನ ಒಂದು ಹೆಸರು ಜೋಡಿಸಲಾಗಲಿಲ್ಲ.

ಶುಕ್ರವಾರ ಪಟ್ಟಿ ಟೈಪ್ ಮಾಡಿದೆ. ನನ್ನ ಸಾಲು ಬಂದಾಗ ಇನ್ನೂ ತೀರ್ಮಾನ ಆಗಿರಲಿಲ್ಲ. ಅಂಗಡಿಯ ಪದ್ಧತಿ ಇದೆಯಲ್ಲ, ಜಾಗ ಖಾಲಿ ಬಿಡದೆ ಮಾಡಬೇಕಾದ್ದು ಮಾಡಿ ಊಟಕ್ಕೆ ಎದ್ದೆ. ಶನಿವಾರ ಬಂದು, ಯಾರ ಮಾತೂ ಕೇಳದೆ, ಮಗಳ ಹೆಸರಿನ ಮೊದಲ ಅಕ್ಷರವನ್ನೇ ನನ್ನ ಇನಿಷಿಯಲ್ ಮಾಡಿ, ಹೆಸರು ಕೂರಿಸಿ, ಪಟ್ಟಿ ರೆಡಿ ಎಂದು ನಿಶ್ಚಿಂತೆಯಾಗಿ ಕೂತೆ. ನಾನು ಊಟಕ್ಕೆ ಹೋಗಿದ್ದಾಗ ಧಾರಾವಾಹಿಯವರು ಫೋನ್ ಮಾಡಿದ್ದರೆಂದೂ, ನಮ್ಮ ಪರೋಪಕಾರಿ ಯಜಮಾನರು ಶುಕ್ರವಾರವೇ ಪಟ್ಟಿ ಕಳಿಸಿಬಿಟ್ಟಿದ್ದರೆಂದೂ ನನಗೆ ಯಾರೂ ಹೇಳಲಿಲ್ಲ. ಅಲ್ಲಿ ಅಕ್ಷರ ಕೂರಿಸುವವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಿರ್ದೇಶಕರು ಕೊಟ್ಟ ಮಾತಿನಂತೆ ಒಂದಕ್ಷರ ಮುಟ್ಟಲಿಲ್ಲ.

ಕೊನೆಯ ಕಂತಿನ ಭಾನುವಾರ ಬಂತು. ಮಿಸ್ಸಿಗೆ ಡೈರಿಯಲ್ಲಿ “ಈ ಭಾನುವಾರ” ಎಂದು ಅಡಿಗೆರೆ ಹಾಕಿ ಬರೆದು ಕಳಿಸಿದ್ದೆ. ವಠಾರದವರೆಲ್ಲ ನಮ್ಮ ಮನೆಯಲ್ಲಿ. ಮಗಳು ಟೀವಿಗೆ ಮೂಗು ತಾಗುವಷ್ಟು ಹತ್ತಿರ. ಕಥೆ ಮುಗಿಯಿತು, ಹೆಸರುಗಳು ಏರತೊಡಗಿದವು. ‘ಪುರಾಣ ಸಲಹೆ’ ಬಂತು. ಮಗಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಹೆ... ಸ... ರು... ಬ... ರ... ಬೇ... ಕು.”

ಅತ್ತೆ ಮೊದಲು ಬಾಯಿ ಬಿಟ್ಟರು. “ಬರಬೇಕು ಅಂದ್ರೆ ಯಾವ ಮನೆತನದವರೇ? ನಿಮ್ಮ ಕಡೆಯವರಾ?”

ನಾನು ಗೋಡೆ ನೋಡುತ್ತಿದ್ದೆ. ಮಗಳು ತಿರುಗಿ ಕೇಳಿದಳು, “ಅಮ್ಮ, ಇದು ನೀನೇನಾ?” ಅದೇ ಅನುಮಾನದ ಕಣ್ಣು. ಅಷ್ಟು ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಮೇಷ್ಟ್ರು.

“ಭೇಷ್ ಕಣಮ್ಮ! ಎಂಥ ಕಾವ್ಯನಾಮ ಇಟ್ಕೊಂಡಿದೀಯ! ನಲವತ್ತು ವರ್ಷ ಬರೆದೆ, ನನಗೆ ಹೊಳೀಲಿಲ್ಲ ನೋಡು.”

ಫೋನ್ ಇಟ್ಟೆ. ಮಗಳನ್ನು ನೋಡಿದೆ. “ಹೌದು,” ಎಂದೆ, “ನಾನೇ. ಅದು ಅಮ್ಮನ ಕಾವ್ಯನಾಮ.”

ಸೋಮವಾರ ಸಂಜೆ ಡೈರಿಯಲ್ಲಿ: “ಧಾರಾವಾಹಿ ಪೂರ್ತಿ ನೋಡಿದೆ. ನಿಮ್ಮ ಹೆಸರು ಬರಲಿಲ್ಲ.”

ನಾನು ಬರೆದೆ: “ಬಂತು ಮಿಸ್. ಪುರಾಣ ಸಲಹೆಯ ಮುಂದೆ ಇರುವುದು ನಾನೇ. ನಾವು ಬರೆಯುವವರು ನಿಜನಾಮ ಹಾಕುವುದಿಲ್ಲ.” ಸಾಕ್ಷಿಗೆ ಮೇಷ್ಟ್ರ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸಿದೆ. ಅದನ್ನು ಓದಲು ಮಿಸ್ಸಿಗೆ ಆಗಿರಲಾರದು, ಆದರೆ ಅಷ್ಟು ಕೆಟ್ಟ ಅಕ್ಷರ ದೊಡ್ಡ ಸಾಹಿತಿಗಳದ್ದೇ ಇರಬೇಕೆಂದು ನಂಬಿದರು. ಮರುದಿನ ಕ್ಲಾಸಿನಲ್ಲಿ ಮಗಳನ್ನು ನಿಲ್ಲಿಸಿ ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದರಂತೆ. ಜುಟ್ಟು ಹಿಡಿಸಿಕೊಂಡವಳೂ ಹೊಡೆದಳಂತೆ. ಡೈರಿಯಲ್ಲಿ “ಕ್ಷಮಿಸಿ” ಎಂದಿತ್ತು, ಅದರ ಕೆಳಗೆ ಒಂದು ವಿನಂತಿ: ಶಾಲೆಯ ರಾಜ್ಯೋತ್ಸವಕ್ಕೆ ನಾನು ಮುಖ್ಯ ಅತಿಥಿಯಾಗಬೇಕು. ಆಹ್ವಾನ ಪತ್ರಿಕೆಯನ್ನೂ ನಮ್ಮ ಅಂಗಡಿಯಲ್ಲೇ ಹಾಕಿಸುತ್ತಾರೆ.

ಆ ಪತ್ರಿಕೆಯನ್ನು ನಾನೇ ಟೈಪ್ ಮಾಡಿದೆ. ಹೊಸ ಫೈಲ್ ತೆರೆದು, ಜೀವನದಲ್ಲಿ ಮೊದಲ ಸಲ. ಮುಖ್ಯ ಅತಿಥಿಯ ಮುಂದೆ ನನ್ನ ಪೂರ್ತಿ ನಿಜವಾದ ಹೆಸರನ್ನು, ಮಗಳ ಇನಿಷಿಯಲ್ ಸಮೇತ, ದಪ್ಪ ಅಕ್ಷರದಲ್ಲಿ ಕೂರಿಸಿದೆ. ಮೂರು ಸಲ ಓದಿದೆ. ಯಜಮಾನರ ಕೈಗೆ ಸಿಗದ ಹಾಗೆ ನಾನೇ ಶಾಲೆಗೆ ಕಳಿಸಿ, ಒಪ್ಪಿಗೆಗೆ ಕಾದೆ.

ಸಂಜೆ ವಾಪಸ್ ಬಂತು. ಹೆಡ್ ಮೇಡಂ ನನ್ನ ಹೆಸರಿನ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಬರೆದಿದ್ದರು:

“ಇವರು ಯಾರು? ದಯವಿಟ್ಟು ತಿದ್ದಿ. ಇಲ್ಲಿ ‘ಹೆಸರು ಬರಬೇಕು’ ಅವರ ಹೆಸರು ಬರಬೇಕು.”